ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ? ನಾಳೆಯ ಆಸ್ಪತ್ರೆಯ ಬಗ್ಗೆ ಒಂದು ಲೆಕ್ಕ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ನನ್ನ ನಾನಿಗೆ ಬಿ.ಪಿ., ಶುಗರ್ ಎರಡೂ ಇವೆ. ಅವರು ಇರುವುದು ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ. ಬೇಸಿಗೆ ರಜೆಯಲ್ಲಿ ನಾನು ಅಲ್ಲಿದ್ದಾಗ ಮಾತ್ರೆ ತರಲು ಅವರ ಜೊತೆ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಅಡುಗೆ ಮುಗಿಸಿ, ರಸ್ತೆಗೆ ನಡೆದು, ಬಸ್ಸಿಗೆ ಕಾದು ನಾವು ತಲುಪುವ ಹೊತ್ತಿಗೆ ಡಾಕ್ಟರ್ ಮೀಟಿಂಗ್‌ಗೆ ಹೊರಟು ಹೋಗಿದ್ದರು. "ಡಾಕ್ಟರ್ ಗಯೇ ಕತೆ" ಎಂದು ನಾನಿ ನಕ್ಕು, ಹೊರಗಿನ ಕಟ್ಟೆಯ ಮೇಲೆ ಕುಳಿತರು. ಅವರಿಗೆ ಇದು ಹೊಸದಲ್ಲ. ಮಾರನೆಯ ದಿನ ಮತ್ತೆ ಹೋದೆವು.

ನಾನು ಕಾಮರ್ಸ್ ವಿದ್ಯಾರ್ಥಿನಿ, ಹಾಗಾಗಿ ಮನೆಗೆ ಬಂದು ಲೆಕ್ಕ ಬರೆದೆ. ಮಾತ್ರೆಗೆ ದುಡ್ಡಿಲ್ಲ, ಅದು ಸರ್ಕಾರದ್ದು. ಬಸ್ ಚಾರ್ಜ್ ಇಲ್ಲ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ. ಕಾಗದದ ಮೇಲೆ ಖರ್ಚು ಸೊನ್ನೆ. ಆದರೆ ನಾನಿ ದಿನಕ್ಕೆ ಐನೂರು ಬೀಡಿ ಕಟ್ಟುತ್ತಾರೆ. ಎರಡು ದಿನ ಹೋಗಿ ಬಂದಿದ್ದರಿಂದ ಸುಮಾರು ಒಂದು ದಿನದ ಬೀಡಿ ಕಡಿಮೆಯಾಯಿತು. ನಮ್ಮ ಅರ್ಥಶಾಸ್ತ್ರದ ಪಾಠದಲ್ಲಿ ಬರುವ 'ಅವಕಾಶ ವೆಚ್ಚ' ಅಂದರೆ ಇದೇ. ಅದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ, ಆದರೆ ಅದನ್ನು ಕೊಡುವವರು ನಾನಿ. ಮೂರನೆಯ ತಿಂಗಳು ಅವರು ಮಾತ್ರೆ ತರಲು ಹೋಗದೆ ಸುಮ್ಮನಿದ್ದರೆ ಅದು ಸೋಮಾರಿತನ ಅಲ್ಲ, ಲೆಕ್ಕ.

ಅಂದಿನಿಂದ ಆಸ್ಪತ್ರೆಯನ್ನು ಹೇಗೆ ಕಟ್ಟುತ್ತಾರೆ, ಯಾರಿಗಾಗಿ ಕಟ್ಟುತ್ತಾರೆ ಎಂದು ಓದಲು ಶುರು ಮಾಡಿದೆ. ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈಗಿರುವ ವ್ಯವಸ್ಥೆ. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ 30 ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು ಎಂಬುದು ದೇಶದ ನಿಯಮ. ಅದರ ಮೇಲೆ ತಾಲ್ಲೂಕು ಆಸ್ಪತ್ರೆ, ಆಮೇಲೆ ಜಿಲ್ಲಾ ಆಸ್ಪತ್ರೆ. ಸಾವಿರ ಜನರಿಗೆ ಒಬ್ಬರಂತೆ ಆಶಾ ಕಾರ್ಯಕರ್ತೆ. ಈ ಮೆಟ್ಟಿಲು ವ್ಯವಸ್ಥೆ ಬಂದಿದ್ದು 1946ರ ಭೋರ್ ಸಮಿತಿಯ ವರದಿಯಿಂದ. ಅದಕ್ಕೂ ಮುಂಚೆ, 1920ರ ದಶಕದ ಕೊನೆಯಲ್ಲೇ, ನಮ್ಮ ಹಳೆಯ ಮೈಸೂರು ಸಂಸ್ಥಾನ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ನಡೆಸಿತ್ತು ಎಂದು ಓದಿದಾಗ ಖುಷಿಯಾಯಿತು. ಕುಣಿಗಲ್‌ನಿಂದ ಮಂಡ್ಯ ಎಷ್ಟು ದೂರ!

ಈ ನಿಯಮದಲ್ಲಿ ಒಂದು ತೊಂದರೆ ಇದೆ. ಅದು ಜನರನ್ನು ಎಣಿಸುತ್ತದೆ, ಅವರು ಯಾವ ಹೊತ್ತಿನಲ್ಲಿ ಬಿಡುವಾಗಿರುತ್ತಾರೆ ಎಂದು ಕೇಳುವುದಿಲ್ಲ. ಇವತ್ತಿನ ಜನಸಂಖ್ಯೆ ನೋಡುತ್ತದೆ, ಹತ್ತು ವರ್ಷದ ನಂತರದ್ದನ್ನು ನೋಡುವುದಿಲ್ಲ. ಗುಬ್ಬಿಯನ್ನೇ ತೆಗೆದುಕೊಳ್ಳಿ. ಅಡಿಕೆ, ತೆಂಗಿನ ಊರು. ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಈ ಕಡೆ ತುಮಕೂರಿನ ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ, ಬೇರೆ ರಾಜ್ಯದ ಕೆಲಸಗಾರರು ಬಂದಿದ್ದಾರೆ. ಕುಣಿಗಲ್‌ನಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಅಲ್ಲಿನ ಆಸ್ಪತ್ರೆಗೆ ಜ್ವರದವರ ಜೊತೆ ಅಪಘಾತದವರೂ ಬರುತ್ತಾರೆ. ಒಂದೇ ಜಿಲ್ಲೆಯ ಮೂರು ಊರಿಗೆ ಮೂರು ಬಗೆಯ ಅಗತ್ಯ. ಎಲ್ಲಾ ಕಡೆ ಒಂದೇ ನಕ್ಷೆಯ ಕಟ್ಟಡ ಕಟ್ಟಿದರೆ ಹೇಗೆ?

ಇಲ್ಲಿ 'ಬದಲಾಗಬಲ್ಲ ಕಟ್ಟಡ' ಎಂಬ ವಿಚಾರ ಬರುತ್ತದೆ. ಆಸ್ಪತ್ರೆ ವಿನ್ಯಾಸ ಮಾಡುವವರು ಕೋಣೆಗಳನ್ನು 'ಗಟ್ಟಿ' ಮತ್ತು 'ಮೆದು' ಎಂದು ಎರಡು ಮಾಡುತ್ತಾರೆ. ಆಪರೇಷನ್ ಥಿಯೇಟರ್, ಎಕ್ಸ್‌ರೇ ಕೋಣೆ ಗಟ್ಟಿ ಜಾಗ. ಅಲ್ಲಿ ವಿಶೇಷ ಗೋಡೆ, ಪೈಪು, ವಿದ್ಯುತ್ ಇರುತ್ತದೆ, ಸುಲಭವಾಗಿ ಜಾಗ ಬದಲಿಸಲು ಆಗುವುದಿಲ್ಲ. ಆಫೀಸು, ಸ್ಟೋರ್ ರೂಂ, ಮೀಟಿಂಗ್ ಹಾಲ್ ಮೆದು ಜಾಗ. ಗಟ್ಟಿ ಜಾಗದ ಪಕ್ಕದಲ್ಲೇ ಮೆದು ಜಾಗ ಇಡಬೇಕು. ನಾಳೆ ಎಕ್ಸ್‌ರೇ ವಿಭಾಗ ದೊಡ್ಡದಾಗಬೇಕಾದರೆ ಪಕ್ಕದ ಸ್ಟೋರನ್ನು ಬೇರೆ ಕಡೆ ಹಾಕಿದರೆ ಸಾಕು, ಏನನ್ನೂ ಒಡೆಯಬೇಕಿಲ್ಲ. ಎರಡು ಗಟ್ಟಿ ಜಾಗಗಳನ್ನು ಅಂಟಿಸಿ ಕಟ್ಟಿದರೆ ಎರಡೂ ಬೆಳೆಯುವುದಿಲ್ಲ. ಭಾರವನ್ನು ಕಂಬಗಳ ಮೇಲೆ ಬಿಟ್ಟು ಒಳಗೋಡೆಗಳನ್ನು ಹಗುರವಾಗಿ ಮಾಡುವುದು, ಒಂದು ಬದಿಯಲ್ಲಿ ಖಾಲಿ ಜಾಗ ಬಿಡುವುದು ಇದೇ ವಿಚಾರದ ಮುಂದುವರಿದ ಭಾಗ. ಡೆಲ್ಲಿಯಲ್ಲಿ 2015ರಲ್ಲಿ ಮೊದಲ ಮೊಹಲ್ಲಾ ಕ್ಲಿನಿಕ್ ಶುರುವಾಗಿದ್ದು ಕ್ಯಾಬಿನ್‌ನಲ್ಲಿ, ಬೇಕಾದರೆ ಎತ್ತಿ ಬೇರೆ ಕಡೆ ಇಡಬಹುದಾದ ಕೋಣೆಯಲ್ಲಿ.

ಡಯಾಲಿಸಿಸ್ ಉದಾಹರಣೆಯಿಂದ ಇದು ನನಗೆ ಚೆನ್ನಾಗಿ ಅರ್ಥವಾಯಿತು. ಗುಬ್ಬಿಯಲ್ಲಿರುವ ನಮ್ಮ ಖಾಲಾ ಮನೆಯ ಪಕ್ಕದವರಿಗೆ ಎರಡೂ ಕಿಡ್ನಿ ಕೆಲಸ ಮಾಡುವುದಿಲ್ಲ. ಇಂಥವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಬೇಕು. ತಿಂಗಳಿಗೆ ಹನ್ನೆರಡು ಹದಿಮೂರು ಸಲ. ಅದು ದೊಡ್ಡ ಊರಿನಲ್ಲಿ ಮಾತ್ರ ಇದ್ದರೆ ರೋಗಿಯೂ ಹೋಗಬೇಕು, ಜೊತೆಯವರೂ ಹೋಗಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. ಆದ್ದರಿಂದಲೇ ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕ ತೆರೆದಿದ್ದು ಬಹಳ ದೊಡ್ಡ ಕೆಲಸ. ಆದರೆ ಒಂದು ಮಂಚ, ಒಂದು ಮೆಷಿನ್ ಇಟ್ಟರೆ ಅದು ನಡೆಯುವುದಿಲ್ಲ. ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಗೊತ್ತಲ್ಲ, ಟೀ ಪಾತ್ರೆಯ ತಳದಲ್ಲೇ ಬಿಳಿ ಪದರ ಕೂರುತ್ತದೆ. ಅದನ್ನು ಆರ್‌ಒ ಯಂತ್ರಕ್ಕೆ ಹಾಯಿಸಬೇಕು, ಬಳಸಿದ ನೀರು ಹೊರಹೋಗಲು ಚರಂಡಿ ಲೈನ್ ಬೇಕು, ಕರೆಂಟ್ ಹೋದರೆ ಜನರೇಟರ್ ಬೇಕು. ಕಟ್ಟುವಾಗಲೇ ಒಂದೆರಡು ಸಾಮಾನ್ಯ ವಾರ್ಡುಗಳ ಗೋಡೆಯಲ್ಲಿ ನೀರಿನ ಲೈನು, ಚರಂಡಿ ಲೈನು ಕೊಟ್ಟಿದ್ದರೆ ಮುಂದೆ ಅದೇ ವಾರ್ಡನ್ನು ಡಯಾಲಿಸಿಸ್ ವಾರ್ಡ್ ಮಾಡಬಹುದು. ಇಲ್ಲದಿದ್ದರೆ ಗೋಡೆ ಒಡೆಯಬೇಕು, ಹೊಸ ಟೆಂಡರ್ ಕರೆಯಬೇಕು. ಆಗ ಸ್ವಲ್ಪ ಹೆಚ್ಚು ಸ್ಥಿರ ವೆಚ್ಚ ಮಾಡಿದ್ದರೆ ಈಗ ದೊಡ್ಡ ವೆಚ್ಚ ಉಳಿಯುತ್ತಿತ್ತು.

ಕೋವಿಡ್ ಕಾಲದಲ್ಲಿ ಇಡೀ ದೇಶ ಈ ಪಾಠ ಕಲಿಯಿತು. ಹಾಸ್ಟೆಲ್‌ಗಳು ಕೋವಿಡ್ ಕೇರ್ ಸೆಂಟರ್ ಆದವು, ರೈಲು ಬೋಗಿಗಳನ್ನು ಕೂಡ ವಾರ್ಡ್ ಮಾಡಿದರು. ಮಂಚ ಸಿಕ್ಕಿತು, ಆದರೆ ಆಕ್ಸಿಜನ್ ಸಿಗಲಿಲ್ಲ. 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಏನಾಯಿತು ಎಂದು ಎಲ್ಲರಿಗೂ ನೆನಪಿದೆ. ಆಮೇಲೆ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಗಾಳಿಯಿಂದಲೇ ಆಕ್ಸಿಜನ್ ತಯಾರಿಸುವ ಘಟಕಗಳು ಬಂದವು. ಘಟಕ ಇದ್ದರೂ ಪೈಪು ಎಷ್ಟು ಮಂಚದವರೆಗೆ ಹೋಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಇನ್ನೊಂದು ವಿಷಯ ಗಾಳಿ. ಕ್ಷಯ ಗಾಳಿಯಲ್ಲಿ ಹರಡುವ ರೋಗ. ಎದುರು ಬದುರು ಗೋಡೆಗಳಲ್ಲಿ ದೊಡ್ಡ ಕಿಟಕಿ ಇದ್ದರೆ ಯಂತ್ರವಿಲ್ಲದೆ ಗಾಳಿ ಬದಲಾಗುತ್ತದೆ. ನಮ್ಮ ಹಳೆಯ ಮನೆಗಳ ಪಡಸಾಲೆಯಂತೆ ತೆರೆದ ಜಾಗದಲ್ಲಿ ಕಾಯುವ ವ್ಯವಸ್ಥೆ ಮಾಡಿದರೆ ಕೆಮ್ಮುವವರ ಪಕ್ಕದಲ್ಲಿ ಮುಚ್ಚಿದ ಕೋಣೆಯಲ್ಲಿ ಕೂರಬೇಕಾಗಿಲ್ಲ. ಎ.ಸಿ. ಹಾಕಿ ಕಿಟಕಿ ಮುಚ್ಚಿದ ವೇಟಿಂಗ್ ಹಾಲ್ ನೋಡಲು ಚೆಂದ, ಅಷ್ಟೇ.

ಆದರೆ ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಬಾಗಿಲಲ್ಲಿ ನಿಂತವರನ್ನು ಒಳಗೆ ಬಿಡದಿದ್ದರೆ ಏನು ಉಪಯೋಗ? 2022ರ ನವೆಂಬರ್ ಮೊದಲ ವಾರದಲ್ಲಿ ನಮ್ಮ ತುಮಕೂರಿನಲ್ಲೇ, ಭಾರತಿನಗರದಲ್ಲಿ ವಾಸವಿದ್ದ ತಮಿಳುನಾಡು ಮೂಲದ ಗರ್ಭಿಣಿಯೊಬ್ಬರನ್ನು ತಾಯಿ ಕಾರ್ಡ್, ಆಧಾರ್ ಇಲ್ಲ ಎಂದು ಸರ್ಕಾರಿ ಆಸ್ಪತ್ರೆಯಿಂದ ವಾಪಸ್ ಕಳುಹಿಸಿದರು ಎಂದು ಎಲ್ಲಾ ಪತ್ರಿಕೆಗಳಲ್ಲಿ ಬಂದಿತ್ತು. ಮನೆಯಲ್ಲೇ ಹೆರಿಗೆಯಾಗಿ ಆ ತಾಯಿ ಮತ್ತು ಅವಳಿ ಮಕ್ಕಳು ತೀರಿಕೊಂಡರು. ಕರ್ತವ್ಯದಲ್ಲಿದ್ದ ವೈದ್ಯರು, ನರ್ಸ್‌ಗಳನ್ನು ಅಮಾನತು ಮಾಡಿದರು. ಅಮ್ಮಿ ಆ ಸುದ್ದಿ ನೋಡುತ್ತಾ ಟಿ.ವಿ. ಆಫ್ ಮಾಡಿದ್ದು ನನಗೆ ನೆನಪಿದೆ. ವಿನ್ಯಾಸ ಅಂದರೆ ಗೋಡೆ ಮಾತ್ರ ಎಂದು ನಾನು ತಿಳಿದಿದ್ದೆ. ಬಾಗಿಲಲ್ಲಿ ಮೊದಲು ಯಾರು ಸಿಗುತ್ತಾರೆ, ಮೊದಲ ಪ್ರಶ್ನೆ 'ಏನಾಗಿದೆ' ಎಂದೋ 'ಕಾರ್ಡ್ ಎಲ್ಲಿ' ಎಂದೋ ಎಂಬುದೂ ವಿನ್ಯಾಸವೇ. ತುರ್ತು ಕೋಣೆಯ ದಾರಿಯಲ್ಲಿ ನೋಂದಣಿ ಕೌಂಟರ್ ಇಡಬಾರದು. ಚಿಕಿತ್ಸೆ ಮೊದಲು ಶುರುವಾಗಿ, ಕಾಗದ ಮಂಚದ ಹತ್ತಿರ ಬರಬೇಕು.

ಭಾಷೆಯ ಮಾತೂ ಇದರಲ್ಲೇ ಸೇರುತ್ತದೆ. ನಾನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಉರ್ದು ಅಲ್ಪಸ್ವಲ್ಪ ಓದುತ್ತಾರೆ. ಯಾವ ಕೋಣೆಗೆ ಹೋಗಬೇಕು ಎಂದು ಪ್ರತಿ ಸಲ ಯಾರನ್ನಾದರೂ ಕೇಳಬೇಕು. ಬೋರ್ಡಿನಲ್ಲಿ ಅಕ್ಷರದ ಜೊತೆ ಒಂದು ಚಿತ್ರ, ನೆಲದ ಮೇಲೆ ಒಂದು ಬಣ್ಣದ ಗೆರೆ ಇದ್ದರೆ ಉರ್ದುವಿನವರಿಗೆ ಮಾತ್ರವಲ್ಲ, ಓದು ಬಾರದ ಎಲ್ಲರಿಗೂ, ಒಡಿಶಾದಿಂದ ಬಂದ ಕಾರ್ಖಾನೆ ಕೆಲಸಗಾರರಿಗೂ ಅನುಕೂಲ. ಹೆಂಗಸರನ್ನು ಪರೀಕ್ಷಿಸುವ ಕಡೆ ಪರದೆ ಬೇಕು. ಇದನ್ನು ಬರೆಯಬೇಕಾಗಿ ಬಂದಿರುವುದೇ ಬೇಸರ, ಆದರೆ ಪರದೆ ಇಲ್ಲದ ಕಾರಣಕ್ಕೆ ಕಾಯಿಲೆ ಹೇಳದೆ ವಾಪಸ್ ಬಂದವರು ನನಗೆ ಗೊತ್ತು.

ಸಮಯದ ವಿಷಯಕ್ಕೆ ಮತ್ತೆ ಬರುತ್ತೇನೆ. ನಗರದ ಬಡಾವಣೆಗಳಿಗಾಗಿ 2022ರ ಡಿಸೆಂಬರ್ 14ರಂದು ರಾಜ್ಯದಲ್ಲಿ 'ನಮ್ಮ ಕ್ಲಿನಿಕ್' ಶುರುವಾಯಿತು. ಒಟ್ಟು 438 ಕ್ಲಿನಿಕ್‌ಗಳ ಯೋಜನೆ. ಒಬ್ಬ ಡಾಕ್ಟರ್, ನರ್ಸ್, ಲ್ಯಾಬ್ ಟೆಕ್ನಿಷಿಯನ್, ಸಹಾಯಕ. ಸಣ್ಣ ಕಟ್ಟಡ, ಮನೆಯ ಹತ್ತಿರ. ಯೋಚನೆ ತುಂಬಾ ಒಳ್ಳೆಯದು. ಆದರೆ ಶುರುವಾದಾಗ ಸಮಯ ಬೆಳಿಗ್ಗೆ 9ರಿಂದ ಸಂಜೆ 4.30. ಅಂತರಸನಹಳ್ಳಿ ಮಾರ್ಕೆಟ್‌ನಲ್ಲಿ ಮೂಟೆ ಹೊರುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ನನ್ನ ಅಬ್ಬಾ ಥರ ಆಟೋ ಓಡಿಸುವವರು ಆ ಹೊತ್ತಿನಲ್ಲಿ ದುಡಿಯುತ್ತಿರುತ್ತಾರೆ. ಅದೇ ಏಳೂವರೆ ಗಂಟೆಯನ್ನು ವಾರಕ್ಕೆ ಎರಡು ದಿನ ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ಸರಿಸಿದರೆ ಹೊಸ ಕಟ್ಟಡ ಬೇಡ, ಹೆಚ್ಚು ಸಂಬಳ ಬೇಡ. ಕಟ್ಟಡಕ್ಕಿಂತ ಮೊದಲು ವೇಳಾಪಟ್ಟಿ ಬದಲಾಗಬಲ್ಲದ್ದಾಗಿರಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ದಾರಿ, ಆಸ್ಪತ್ರೆಯೇ ಮನೆಗೆ ಬರುವುದು. 2024ರಲ್ಲಿ ಕೋಲಾರದಿಂದ ಶುರುವಾದ 'ಗೃಹ ಆರೋಗ್ಯ' ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆ ಮನೆಗೆ ಹೋಗಿ ಬಿ.ಪಿ., ಶುಗರ್ ಪರೀಕ್ಷೆ ಮಾಡಿ ಮಾತ್ರೆ ಕೊಡುವ ವ್ಯವಸ್ಥೆ ಇದೆ. ನಾನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅವರಿಗೆ ನಮ್ಮ ಓಣಿ ಗೊತ್ತಾ?"

ನಾನಿಯ ಆರೋಗ್ಯ ಕೇಂದ್ರದಲ್ಲಿ ಕಂಡ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಅಲ್ಲಿ ವೀಲ್ ಚೇರ್‌ಗೆ ಇಳಿಜಾರು ಇದೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಇರಬೇಕು ಎಂಬುದು ಅದರ ನಿಯಮ, ಅದನ್ನು ಸರಿಯಾಗಿಯೇ ಕಟ್ಟಿದ್ದಾರೆ. ಆದರೆ ಇಳಿಜಾರು ಮುಗಿದ ಮೇಲೆ ಬಾಗಿಲಲ್ಲಿ ನಾಲ್ಕು ಇಂಚಿನ ಒಂದು ಮೆಟ್ಟಿಲು! ನಾನಿ ಅಲ್ಲಿ ಪ್ರತಿ ಸಲ ನನ್ನ ಭುಜ ಹಿಡಿಯುತ್ತಾರೆ. ನಮ್ಮ ಮಾಮು ಗಾರೆ ಕೆಲಸದವರು. ಫೋನಿನಲ್ಲಿ ತೆಗೆದ ಫೋಟೋ ತೋರಿಸಿದೆ. "ಅರ್ಧ ಮೂಟೆ ಸಿಮೆಂಟ್, ಎರಡು ಬಾಂಡ್ಲಿ ಜಲ್ಲಿ, ಅರ್ಧ ದಿನದ ಕೆಲಸ" ಎಂದರು. ಆರೋಗ್ಯ ಕೇಂದ್ರಗಳಿಗೆ ಇಂಥ ಸಣ್ಣ ಕೆಲಸಕ್ಕೆಂದೇ ಮುಕ್ತ ನಿಧಿ ಇದೆ, ಅದನ್ನು ಹೇಗೆ ಬಳಸಬೇಕೆಂದು ತೀರ್ಮಾನಿಸಲು ಊರಿನವರೂ ಇರುವ ಸಮಿತಿ ಇದೆ. ಸಮಿತಿಯ ಮುಂದಿನ ಸಭೆ ಯಾವತ್ತು ಎಂದು ಆಶಾ ಅಕ್ಕನನ್ನು ಕೇಳಿದ್ದೇನೆ. ವಿಚಾರಿಸಿ ಹೇಳುತ್ತೇನೆ ಎಂದಿದ್ದಾರೆ. ಮಾಮು ಕೂಲಿ ಬೇಡ ಅಂದಿದ್ದಾರೆ, ಸಿಮೆಂಟ್ ಮಾತ್ರ ಅವರು ಕೊಡಿಸಬೇಕಂತೆ.