ವೃದ್ಧಾಶ್ರಮಗಳಲ್ಲಿ ಕ್ರಿಸ್‌ಮಸ್: ಹಬ್ಬವನ್ನು ಕೊಂಡೊಯ್ಯುವ ಮುನ್ನ

ಡಿಸೆಂಬರ್ ತಿಂಗಳು ಕಾಲಿಡುತ್ತಿದ್ದಂತೆ ಅಂಬಲಮುಗಳ್, ಕರಿಂಗಾಚಿರ, ತೃಪ್ಪೂಣಿತ್ತುರ ಪರಿಸರದ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ಬೆಳಗತೊಡಗುತ್ತವೆ. ಮತಭೇದವೆಣಿಸದೆ ನಕ್ಷತ್ರ ತೂಗುಹಾಕುವುದು ಕೇರಳದ ಸೊಗಸಾದ ರೂಢಿ. ಇಲ್ಲಿ ನೆಲೆಸಿದ ಕನ್ನಡದ ಮನೆಗಳೂ ಅದನ್ನು ತಮ್ಮದಾಗಿಸಿಕೊಂಡಿವೆ. ಇದೇ ದಿನಗಳಲ್ಲಿ ಸಂಘಸಂಸ್ಥೆಗಳು, ಶಾಲಾಮಕ್ಕಳು, ಯುವಕರ ತಂಡಗಳು ವೃದ್ಧಾಶ್ರಮಗಳಿಗೆ ಭೇಟಿ ನೀಡುವುದೂ ವಾಡಿಕೆ. ಉದ್ದೇಶ ಉದಾತ್ತವಾದದ್ದೇ. ಆದರೆ ಆ ಭೇಟಿಯಿಂದ ಹಿರಿಯರಿಗೆ ನಿಜಕ್ಕೂ ಸಂತೋಷವಾಗಬೇಕಾದರೆ ಕೆಲವು ಸಂಗತಿಗಳನ್ನು ಮೊದಲೇ ಅರಿತಿರಬೇಕು.

ಅಂಬಲಮುಗಳ್‌ನ ತೈಲ ಶುದ್ಧೀಕರಣ ಕಾರ್ಖಾನೆ ಕಾರ್ಯಾರಂಭ ಮಾಡಿದ್ದು 1966ರಲ್ಲಿ. ಅಂದು 25ರ ಹರೆಯದಲ್ಲಿದ್ದವರು ಇಂದು 80 ದಾಟಿದ್ದಾರೆ. ಕೇರಳದ ಅನೇಕ ಮನೆಗಳಲ್ಲಿ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ಯೂರೋಪು, ಅಮೆರಿಕಗಳಲ್ಲೋ ಉದ್ಯೋಗ ಹಿಡಿದಿದ್ದಾರೆ. 2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ 60 ತುಂಬಿದವರ ಪ್ರಮಾಣ ಶೇ. 8.6 ಇದ್ದರೆ ಕೇರಳದಲ್ಲಿ ಅದು ಶೇ. 12.6 ಆಗಿತ್ತು. ಆದ್ದರಿಂದ ಹಿರಿಯರ ಹಬ್ಬವೆಂಬುದು ಯಾರದೋ ಮನೆಯ ವಿಚಾರವಲ್ಲ. ನಾಳೆ ನಮ್ಮದೂ ಆಗಬಹುದಾದ ವಿಚಾರ.

ದಿನದ ಆಯ್ಕೆ

ಹೆಚ್ಚಿನ ತಂಡಗಳು 25ಕ್ಕೆ ಮುನ್ನಿನ ವಾರದಲ್ಲೇ ಕೇಕು ಹಿಡಿದು ಬರುತ್ತವೆ. ಆದರೆ ಇಲ್ಲಿನ ಸುರಿಯಾನಿ ಕ್ರೈಸ್ತರಲ್ಲಿ ಅನೇಕರು ಡಿಸೆಂಬರ್ 1ರಿಂದ ಹಬ್ಬದವರೆಗೆ ‘ಇಪ್ಪತ್ತೈದು ನೋಂಬು’ ಎಂಬ ವ್ರತವನ್ನು ಪಾಲಿಸುತ್ತಾರೆ. ಮಾಂಸ, ಮೀನು, ಮೊಟ್ಟೆಗಳನ್ನು ವರ್ಜಿಸುತ್ತಾರೆ. ಕೆಲವರು ಹಾಲನ್ನೂ ಬಿಡುತ್ತಾರೆ. ಜೀವಮಾನವಿಡೀ ವ್ರತ ತಪ್ಪದ ಅಜ್ಜಿಯೊಬ್ಬರ ಮುಂದೆ ಮೊಟ್ಟೆ ಹಾಕಿದ ಕೇಕನ್ನಿಟ್ಟು ‘ಸ್ವಲ್ಪ ತಿನ್ನಿ’ ಎಂದು ಒತ್ತಾಯಿಸಿದರೆ ಅವರು ವ್ರತವನ್ನು ಮುರಿಯಬೇಕು, ಇಲ್ಲವೇ ಅತಿಥಿಯ ಮನಸ್ಸನ್ನು ನೋಯಿಸಬೇಕು. ಏಕಾದಶಿಯ ದಿನ ನಮ್ಮ ಮನೆಯ ಹಿರಿಯರ ಮುಂದೆ ಯಾರಾದರೂ ಅನ್ನ ಬಡಿಸಿದರೆ ನಮಗೆ ಹೇಗನಿಸೀತೆಂದು ಯೋಚಿಸಿದರೆ ಸಾಕು.

ಇದಕ್ಕೆ ಸುಲಭವಾದ ಪರಿಹಾರವಿದೆ. 25ಕ್ಕೆ ಮೊದಲು ಹೋಗುವವರು ಗಾಯನ, ಗೋದಲಿಯ ಅಲಂಕಾರಗಳಿಗೆ ಪ್ರಾಶಸ್ತ್ಯ ಕೊಡಲಿ. ತಿನಿಸಿಗೆ ಹಬೆಯಲ್ಲಿ ಬೇಯಿಸಿದ ನೇಂದ್ರ ಬಾಳೆಹಣ್ಣು ಸಾಕು. ಕೇಕು ಕೊಡಬಯಸುವವರು 26ರ ನಂತರ ಹೋಗಲಿ. ಕ್ರೈಸ್ತ ಸಂಪ್ರದಾಯದಲ್ಲಿ ಹಬ್ಬದ ಸಂಭ್ರಮವು ಜನವರಿ 6ರವರೆಗೂ ಸಾಗುತ್ತದೆ. ಆ ದಿನ ಸುರಿಯಾನಿ ಸಭೆಗಳಲ್ಲಿ ‘ದನಹಾ’ ಎಂಬ ಹಬ್ಬವಿದೆ. ಹಬ್ಬ ಮುಗಿದು ತಂಡಗಳೆಲ್ಲ ಮರಳಿದ ಮೇಲೆ ಆಶ್ರಮಗಳಲ್ಲಿ ಕವಿಯುವ ಮೌನವನ್ನು ಆ ದಿನಗಳ ಒಂದು ಭೇಟಿ ಮುರಿಯಬಲ್ಲದು.

ತಿಂಡಿತಿನಿಸು

ತಲಶ್ಶೇರಿಯ ಮಾಂಬಳ್ಳಿ ಬಾಪು ಅವರು 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ಬ್ರಿಟಿಷ್ ತೋಟಗಾರನಿಗಾಗಿ ಕ್ರಿಸ್‌ಮಸ್ ಕೇಕು ತಯಾರಿಸಿದರೆಂಬುದು ಕೇರಳದಲ್ಲಿ ಪ್ರಸಿದ್ಧ ಕಥನ. ಇಂದು ಕೇಕಿಲ್ಲದ ಕ್ರಿಸ್‌ಮಸ್ ಇಲ್ಲಿ ಇಲ್ಲವೆಂದೇ ಹೇಳಬಹುದು. ಆದರೆ ಒಣಹಣ್ಣು, ಗೋಡಂಬಿ ತುಂಬಿದ ಕೇಕು ಎಲ್ಲ ಹಿರಿಯರಿಗೂ ಹಿತವಲ್ಲ. ಪಾರ್ಶ್ವವಾಯು, ಮರೆಗುಳಿತನ ಅಥವಾ ಪಾರ್ಕಿನ್ಸನ್ ಕಾಯಿಲೆ ಇರುವವರಲ್ಲಿ ನುಂಗುವ ಶಕ್ತಿ ಕುಂದಿರಬಹುದು. ಒಣ ಚೂರುಗಳು ಶ್ವಾಸನಾಳಕ್ಕೆ ಜಾರುವ ಅಪಾಯವಿದೆ. ಹಣ್ಣುಗಳನ್ನು ರಮ್‌ನಲ್ಲಿ ನೆನೆಸಿದ್ದರೆ ಅದನ್ನೂ ಮೊದಲೇ ತಿಳಿಸಬೇಕು. ಯಾರಿಗೆ ಸಿಹಿ ಕೂಡದು, ಯಾರಿಗೆ ಮೆತ್ತಗಿನದೇ ಬೇಕು ಎಂಬ ಪಟ್ಟಿಯನ್ನು ಆಶ್ರಮದ ದಾದಿಯರಿಂದ ಪಡೆದು, ಅವರ ಮೂಲಕವೇ ಬಡಿಸುವುದು ಕ್ಷೇಮ. ಹಬ್ಬ ತೀರಿದ ಬೆಳಿಗ್ಗೆಯಾದರೆ ಮೆತ್ತನೆಯ ಅಪ್ಪಂ, ತೆಂಗಿನ ಹಾಲಿನ ಸ್ಟೂ ಬಹುಮಂದಿಗೆ ಮೆಚ್ಚಿಗೆಯಾದೀತು.

ಕಾರ್ಯಕ್ರಮದ ಸ್ವರೂಪ

ಬೆಳಿಗ್ಗೆ 10ರಿಂದ 11.30ರವರೆಗೆ ಅಥವಾ ಸಂಜೆ 3.30ರಿಂದ 5ರವರೆಗೆ ಸೂಕ್ತ ಸಮಯ. ಮರೆಗುಳಿತನವುಳ್ಳ ಕೆಲವರಲ್ಲಿ ಹೊತ್ತು ಮುಳುಗುವ ವೇಳೆಗೆ ಕಳವಳ ಹೆಚ್ಚುತ್ತದೆ. ಆಗ ಡೋಲು, ಧ್ವನಿವರ್ಧಕಗಳ ಗದ್ದಲ ಅವರನ್ನು ಹೆದರಿಸಬಹುದು. ಶ್ರವಣಯಂತ್ರ ಧರಿಸಿದವರಿಗೆ ಅದು ಬರಿಯ ಕರ್ಕಶ ಸದ್ದಾಗುತ್ತದೆ. ಆಸನಗಳನ್ನು ಸಭಾಂಗಣದಂತೆ ಸಾಲಾಗಿಡದೆ ಅರ್ಧವೃತ್ತದಲ್ಲಿಟ್ಟರೆ ಪರಸ್ಪರ ಮುಖ ಕಾಣುತ್ತದೆ. ಮಿಣುಕುವ ದೀಪಗಳಿಗಿಂತ ಸ್ಥಿರವಾದ ಬೆಳಕು ಉತ್ತಮ. ಆಮ್ಲಜನಕ ಬಳಸುವವರಿರುವ ಕೋಣೆಯಲ್ಲಿ ಮೇಣದ ಬತ್ತಿ ಹಚ್ಚಲೇಬಾರದು.

ಎಲ್ಲಕ್ಕಿಂತ ಮುಖ್ಯವಾದುದು, ಹಿರಿಯರು ಕೇವಲ ಪ್ರೇಕ್ಷಕರಾಗದಿರುವುದು. ನಮ್ಮ ಮನೆಗಳಲ್ಲಿ ಹಬ್ಬದ ದೀಪವನ್ನು ಹಿರಿಯರ ಕೈಯಿಂದಲೇ ಬೆಳಗಿಸುತ್ತೇವಲ್ಲವೇ? ಹಾಗೆಯೇ ನಕ್ಷತ್ರದ ಗುಂಡಿಯನ್ನು ಅವರೇ ಒತ್ತಲಿ. ‘ಪುಲ್ಕೂಡು’ ಎಂದು ಇಲ್ಲಿ ಕರೆಯುವ ಗೋದಲಿಗೆ ಹುಲ್ಲು ಹಾಸುವುದು, ಗೊಂಬೆಗಳನ್ನಿಡುವುದು ಕುಳಿತಲ್ಲಿಂದಲೇ ಮಾಡಬಹುದಾದ ಕೆಲಸ. ಮಂಗಳೂರಿನ ಕಡೆಯ ಹಿರಿಯರಿದ್ದರೆ ‘ಕುಸ್ವಾರ್’ ತಿನಿಸುಗಳಲ್ಲೊಂದಾದ ಕಿಡಿಯೊವನ್ನು ಬಾಚಣಿಗೆಯ ಮೇಲೆ ಸುರುಳಿ ಸುತ್ತುವ ಬಗೆಯನ್ನು ಮಕ್ಕಳಿಗೆ ಅವರೇ ಕಲಿಸಲಿ. ಕಲಿಸುವವರಿಗೆ ಸಿಗುವ ಗೌರವ, ಶಾಲು ಹೊದೆಸಿಕೊಂಡು ಕೂರುವವರಿಗೆ ಸಿಗದು.

ಬಾರದೆ ಕೋಣೆಯಲ್ಲೇ ಉಳಿಯುವ ಹಕ್ಕೂ ಅವರಿಗಿದೆ. ಆ ವರ್ಷವಷ್ಟೇ ಸಂಗಾತಿಯನ್ನು ಕಳೆದುಕೊಂಡವರಿಗೆ ಹಾಡು ಕೇಳುವುದೇ ಕಷ್ಟವಾಗಬಹುದು. ಹಾಸಿಗೆ ಹಿಡಿದವರ ಬಳಿಗೆ ಇಬ್ಬರು ಮೂವರು ಮಾತ್ರ ಹೋಗಿ ಮೆಲುದನಿಯಲ್ಲಿ ಒಂದು ಹಾಡು ಹೇಳಿದರೆ ಸಾಕು. ನೆಗಡಿ, ಜ್ವರ ಇರುವವರು ಭೇಟಿಯನ್ನು ಕೈಬಿಡಲೇಬೇಕು. ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯುವುದೂ ಹಂಚುವುದೂ ಸಲ್ಲದು. ತಾನು ಆಶ್ರಮದಲ್ಲಿರುವುದು ಬಂಧುಗಳಿಗೆ ತಿಳಿಯಬಾರದೆಂದು ಬಯಸುವವರೂ ಇರುತ್ತಾರೆ.

ದೂರದ ಮಕ್ಕಳ ದನಿ

ಹಬ್ಬದ ದಿನ ಹಿರಿಯರು ಬಹುವಾಗಿ ನಿರೀಕ್ಷಿಸುವುದು ಮಕ್ಕಳ ಕರೆಯನ್ನು. ದೂರವಾಣಿಯಲ್ಲಿ ಮುಖ ತೋರಿಸಿ ಮಾತಾಡಿಸಲು ನೆರವಾಗುವುದು ಕೇಕಿಗಿಂತ ದೊಡ್ಡ ಕೊಡುಗೆ. ಕೊಚ್ಚಿಯಲ್ಲಿ ಸಂಜೆ 4 ಗಂಟೆಯಾದಾಗ ದುಬೈಯಲ್ಲಿ 2.30, ಲಂಡನ್ನಿನಲ್ಲಿ ಬೆಳಿಗ್ಗೆ 10.30 ಆಗಿರುತ್ತದೆ, ನ್ಯೂಯಾರ್ಕಿನಲ್ಲಿ ಇನ್ನೂ ಬೆಳಗಿನ 5.30. ಯಾರ ಕರೆ ಯಾವಾಗ ಎಂಬುದನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡರೆ ಯಾರೂ ಕಾದು ನಿರಾಶರಾಗಬೇಕಿಲ್ಲ. ಕರೆ ಬಾರದವರ ಪಕ್ಕದಲ್ಲಿ ಆ ಹೊತ್ತು ನಮ್ಮಲ್ಲೊಬ್ಬರು ಕುಳಿತಿರಲಿ.

ಕನ್ನಡಿಗರಾದ ನಮ್ಮ ಪಾಲು

ಮರೆವು ಆವರಿಸಿದ ಕೆಲವರಲ್ಲಿ, ನಂತರ ಕಲಿತ ಭಾಷೆಗಳು ಮಾಸಿ ಬಾಲ್ಯದ ನುಡಿಯೊಂದೇ ಉಳಿಯುವುದುಂಟು. ನಲವತ್ತು ವರ್ಷ ಮಲಯಾಳದಲ್ಲೇ ವ್ಯವಹರಿಸಿದವರು ಒಂದು ದಿನ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ನೀರು ಕೇಳಿದರೆ ಸುತ್ತಲಿನವರಿಗೆ ಅದು ಅರ್ಥವಾಗದೆ ಹೋಗಬಹುದು. ಅವರು ಯಾವ ಮತದವರೇ ಆಗಿರಲಿ, ಹತ್ತಿರ ಕುಳಿತು ‘ಊಟ ಆಯಿತೇ ಅಜ್ಜಿ?’ ಎಂದು ಕೇಳಲು ನಮ್ಮಿಂದ ಸಾಧ್ಯ. ಸಮೀಪದ ಆಶ್ರಮಗಳಲ್ಲಿ ನಮ್ಮ ನುಡಿಯವರು ಇದ್ದಾರೆಯೇ ಎಂದು ವಿಚಾರಿಸಿ, ನಿತ್ಯ ಬೇಕಾಗುವ ಹತ್ತು ಹದಿನೈದು ಪದಗಳನ್ನು ಮಲಯಾಳ ಲಿಪಿಯಲ್ಲಿ ಬರೆದು ದಾದಿಯರಿಗೆ ಕೊಟ್ಟರೆ ಅದರ ಪ್ರಯೋಜನ ವರ್ಷವಿಡೀ ಉಳಿಯುತ್ತದೆ.

ಉಡುಗೊರೆಯಾಗಿ ಜಾರದ ಚಪ್ಪಲಿ, ಹತ್ತಿಯ ಮುಂಡು, ಶ್ರವಣಯಂತ್ರದ ಬ್ಯಾಟರಿಗಳಂಥ ಉಪಯುಕ್ತ ವಸ್ತುಗಳನ್ನು ಆಯ್ದರೆ ಚೆನ್ನ. ಹೊರಡುವಾಗ ‘ಮತ್ತೆ ಬರುತ್ತೇವೆ’ ಎಂದು ಬಾಯಿಮಾತಿಗೆ ಹೇಳದೆ ದಿನಾಂಕವನ್ನು ಹೇಳಿ ಬರೋಣ. ಜನವರಿಯ ಆ ದಿನ ತಪ್ಪದೆ ಹೋಗೋಣ. ಎಣಿಸಿ ಕಾಯುವವರಿಗೆ ಮಾತು ಕೊಟ್ಟು ತಪ್ಪುವುದಕ್ಕಿಂತ, ಕೊಡದಿರುವುದೇ ಮೇಲು.