ಇಪ್ಪತ್ತನಾಲ್ಕು ಕಡ್ಡಿಯ ಗೂಡುದೀಪ

ಊರಿನ ಕಲೆಯನ್ನು ಇಲ್ಲಿ ಉತ್ತರ ಅಮೆರಿಕದ ವೇದಿಕೆಗೆ ತರುವುದು ಎಷ್ಟು ಕಷ್ಟ ಎಂಬುದು ಕನ್ನಡ ಕೂಟದ ಕೆಲಸ ಮಾಡಿದವರಿಗೆಲ್ಲ ಗೊತ್ತು. ಯಕ್ಷಗಾನ ಆಡಿಸಬೇಕಾದರೆ ಕಿರೀಟ, ಭುಜಕೀರ್ತಿ, ಚೆಂಡೆ, ಮದ್ದಳೆ ಎಲ್ಲವೂ ವಿಮಾನ ಹತ್ತಬೇಕು, ಭಾಗವತರಿಗೆ ವೀಸಾ ಸಿಗಬೇಕು. ದಸರೆಗೆ ಗೊಂಬೆ ಕೂರಿಸುವ ಮನೆಯವರು ಪಟ್ಟದ ಗೊಂಬೆಗಳನ್ನು ಸೀರೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಸಮುದ್ರ ದಾಟಿಸಿದ್ದಾರೆ. ಆ ಶ್ರಮದ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೆ ಊರಿನಿಂದ ಒಂದು ಎಳೆ ದಾರವನ್ನೂ ತರಿಸದೆ, ನಮ್ಮ ಅಡುಗೆಮನೆಯ ಡ್ರಾಯರ್ ಮತ್ತು ರಿಸೈಕ್ಲಿಂಗ್ ಡಬ್ಬಿಯನ್ನು ನಂಬಿ ಪೂರ್ತಿಯಾಗಿ ಕಟ್ಟಬಹುದಾದ ಒಂದು ಕಲೆಯೂ ನಮ್ಮಲ್ಲಿದೆ. ಅದು ಗೂಡುದೀಪ. ನಮ್ಮ ಮಕ್ಕಳ ಕೈಗೆ ಮೊದಲು ಕೊಡಬೇಕಾದದ್ದು ಇದನ್ನೇ ಎಂದು ನಾನು ನಂಬಿದ್ದೇನೆ.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯಲ್ಲಿ ದೀಪಾವಳಿಗೆ ಮನೆಯೆದುರು ತೂಗುವ ಕಾಗದದ ದೀಪ ಇದು. ಬೆಳಗಾವಿ, ಹುಬ್ಬಳ್ಳಿಯವರಿಗೆ ಇದು ಆಕಾಶಬುಟ್ಟಿ. ತುಳುವರು ದೀಪಾವಳಿಯನ್ನು ತುಡರ ಪರ್ಬ ಎನ್ನುತ್ತಾರೆ. ಪಾತಾಳಕ್ಕಿಳಿದ ಬಲಿ ಚಕ್ರವರ್ತಿ ವರ್ಷಕ್ಕೊಮ್ಮೆ ತನ್ನ ಭೂಮಿಯನ್ನು ನೋಡಲು ಬರುತ್ತಾನೆ ಎಂಬ ನಂಬಿಕೆಯಲ್ಲಿ ಗದ್ದೆಯ ಬದಿಗೆ ದೀಪವಿಟ್ಟು ಬಲೀಂದ್ರನನ್ನು ಕರೆಯುತ್ತಾರೆ. ಕಾರ್ತಿಕ ಮಾಸದಲ್ಲಿ ದೇವಸ್ಥಾನಗಳಲ್ಲಿ ಎತ್ತರದ ಕಂಬಕ್ಕೆ ಆಕಾಶದೀಪ ಏರಿಸುವ ಪದ್ಧತಿಯೂ ಇದೆ. ಅದು ಪಿತೃಗಳಿಗೆ ದಾರಿ ತೋರಿಸುವ ಬೆಳಕು ಎಂದು ಹಿರಿಯರು ಹೇಳುತ್ತಿದ್ದರು. ಇನ್ನು ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಅದೇ ಬಿದಿರು, ಅದೇ ಬಣ್ಣದ ಕಾಗದ ಡಿಸೆಂಬರಿನಲ್ಲಿ ಕ್ರಿಸ್ಮಸ್ ನಕ್ಷತ್ರವಾಗುತ್ತದೆ. ನವೆಂಬರಿನಲ್ಲಿ ಗೂಡುದೀಪ ಕಟ್ಟಿದ ಕೈಗಳೇ ಪಕ್ಕದ ಮನೆಯ ನಕ್ಷತ್ರಕ್ಕೂ ಕಡ್ಡಿ ಸೀಳಿಕೊಡುವುದು ನಮ್ಮ ಬೀದಿಯಲ್ಲಿ ಪ್ರತಿ ವರ್ಷದ ಮಾತಾಗಿತ್ತು.

ಮನೆಯಲ್ಲಿ ಈ ಕೆಲಸಕ್ಕೆ ಒಂದು ಪಾಲುಪಟ್ಟಿ ಇರುತ್ತಿತ್ತು. ಬಿದಿರು ಕಡಿದು ಸೀಳುವುದು ಅಪ್ಪನ ಕೆಲಸ, ಕತ್ತಿ ಮಕ್ಕಳ ಕೈಗೆ ಬರುತ್ತಿರಲಿಲ್ಲ. ಕಟ್ಟುವುದು ಅಣ್ಣಂದಿರದು. ಒಲೆಯ ಮೇಲೆ ಮೈದಾ ಕಲಸಿ ಅಂಟು ಕಾಯಿಸುವುದು ಅಮ್ಮನದು. ಅಂಟು ಹಚ್ಚುವುದು, ಜಾಲರಿ ಕತ್ತರಿಸುವುದು ಚಿಕ್ಕವರಾದ ನಮ್ಮ ಪಾಲು. ಕಟ್ಟುವ ದಾರವನ್ನು ಯಾರೂ ಕೊಂಡು ತರುತ್ತಿರಲಿಲ್ಲ. ದಿನಸಿ ಅಂಗಡಿಯ ಪೊಟ್ಟಣಗಳಿಗೆ ಸುತ್ತಿ ಬಂದ ದಾರವನ್ನು ಬಿಚ್ಚಿ ಬಿಚ್ಚಿ ಅಜ್ಜಿ ವರ್ಷಪೂರ್ತಿ ಉಂಡೆ ಮಾಡಿ ಇಟ್ಟಿರುತ್ತಿದ್ದರು. ಆ ಉಂಡೆ ಹೊರಗೆ ಬಂದರೆ ಪರ್ಬ ಹತ್ತಿರವಾಯಿತು ಎಂದೇ ಅರ್ಥ.

ಈಗ ಕಟ್ಟುವ ಕ್ರಮಕ್ಕೆ ಬರೋಣ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಕಲೆಯ ಸೊಗಸೆಲ್ಲ ಅದರ ಚೌಕಟ್ಟಿನಲ್ಲಿದೆ. ಹಳೆಯ ಗೂಡುದೀಪಕ್ಕೆ ಬೇಕಾದದ್ದು ಒಂದೇ ಅಳತೆಯ 24 ಕಡ್ಡಿಗಳು. ನಾಲ್ಕು ನಾಲ್ಕು ಕಡ್ಡಿ ಸೇರಿಸಿ 6 ಚೌಕ ಕಟ್ಟಿಕೊಳ್ಳಬೇಕು. ಒಂದು ಚೌಕವನ್ನು ನೆಲದ ಮೇಲೆ ಮಲಗಿಸಿ. ಇನ್ನು ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಅವುಗಳ ಕೆಳಮೂಲೆಯನ್ನು ಮಲಗಿದ ಚೌಕದ ಒಂದೊಂದು ಮೂಲೆಗೆ ಬಿಗಿಯಿರಿ. ನಿಂತ ಚೌಕಗಳ ಪಕ್ಕದ ಮೂಲೆಗಳನ್ನು ಒಂದಕ್ಕೊಂದು ಕಟ್ಟಿ. ಮೇಲೆ ಉಳಿದ ನಾಲ್ಕು ಮೂಲೆಗಳಿಗೆ ಆರನೆಯ ಚೌಕವನ್ನು ಕೂರಿಸಿ ಕಟ್ಟಿದರೆ ಗೂಡು ಸಿದ್ಧ. ಒಟ್ಟು 12 ಕಡೆ ಚೌಕಗಳು ಮೂಲೆಗೆ ಮೂಲೆ ಕೂಡಿಕೊಳ್ಳುತ್ತವೆ. ಚೌಕಗಳ ನಡುವೆ ನಾವು ಕಟ್ಟದೆಯೇ 8 ತ್ರಿಕೋನಗಳು ತಾವಾಗಿ ಮೂಡಿರುತ್ತವೆ.

ಆ ಎಂಟು ತ್ರಿಕೋನಗಳೇ ಗೂಡಿನ ಜೀವ. ಕಡ್ಡಿಯ ಚೌಕವೊಂದನ್ನು ಕೈಯಲ್ಲಿ ಹಿಡಿದು ಒತ್ತಿದರೆ ಅದು ಪಕ್ಕಕ್ಕೆ ವಾಲಿ ಚಪ್ಪಟೆಯಾಗುತ್ತದೆ. ತ್ರಿಕೋನವನ್ನು ಎಷ್ಟು ಒತ್ತಿದರೂ ಬಾಗದು, ಮುರಿಯಬೇಕಷ್ಟೇ. ಆರು ಚೌಕಗಳು ಒಂದೊಂದಾಗಿ ಸಡಿಲವಾಗಿದ್ದರೂ, ಕೂಡಿಕೊಂಡಾಗ ನಡುವಿನ ತ್ರಿಕೋನಗಳು ಅವಕ್ಕೆ ಆಕಾರ ಕೊಡುತ್ತವೆ; ಬಿಗಿಯಾದ ಗಂಟು ಮತ್ತು ಎಳೆದು ಅಂಟಿಸಿದ ಕಾಗದ ಸೇರಿದಾಗ ಗೂಡು ಗಟ್ಟಿಯಾಗುತ್ತದೆ. ಜ್ಯಾಮಿತಿಯ ಪುಸ್ತಕ ನೋಡದ ನಮ್ಮ ಹಿರಿಯರು ಇದನ್ನು ಕೈಯಿಂದ ಕಂಡುಕೊಂಡಿದ್ದರು. ಇಲ್ಲಿಯ ಶಾಲೆಯಲ್ಲಿ ಸೇತುವೆಯ ಮಾದರಿ ಮಾಡಿಬಂದ ನಮ್ಮ ಮಕ್ಕಳಿಗೆ ಈ ಒಂದು ವಿಷಯ ಸಾಕು, ಅವರು ತಾವಾಗಿಯೇ ಕಡ್ಡಿಗೆ ಕೈ ಹಾಕುತ್ತಾರೆ. ಕಟ್ಟುವಾಗ ಕುಸಿದು ಕುಸಿದು ಬೀಳುತ್ತಿದ್ದ ಗೂಡು, ಕಾಗದ ಅಂಟಿ ಒಣಗಿದ ಮೇಲೆ ಗಟ್ಟಿಯಾಗಿ ನಿಲ್ಲುವುದನ್ನು ನೋಡಿದ ಮಗು ಅದನ್ನು ಮರೆಯುವುದಿಲ್ಲ.

ಕಡ್ಡಿಗೆ ಇಲ್ಲಿ ಬಿದಿರು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೇಸಿಗೆಯ ಗ್ರಿಲ್ಲಿಗೆ ತಂದು ಉಳಿದ ಬಿದಿರಿನ ಚೂಪುಕಡ್ಡಿಗಳು ಬಹುತೇಕ ಎಲ್ಲರ ಮನೆಯಲ್ಲೂ ಇವೆ. ಒಂದಡಿಯ ಕಡ್ಡಿಯಿಂದ ಕಟ್ಟಿದರೆ ಗೂಡು ಸುಮಾರು 17 ಇಂಚು ಎತ್ತರ ಬರುತ್ತದೆ, ಬಾಗಿಲಿಗೆ ಒಪ್ಪುವ ಗಾತ್ರ. ಅರ್ಧಕ್ಕೆ ಕತ್ತರಿಸಿದರೆ ಎಂಟೂವರೆ ಇಂಚಿನ ಪುಟ್ಟ ಗೂಡಾಗುತ್ತದೆ. ಕಡ್ಡಿಯ ಚೂಪು ತುದಿಗಳನ್ನು ದೊಡ್ಡವರೇ ಮೊದಲು ಕತ್ತರಿಸಿಕೊಡಬೇಕು. ಊರಿನಲ್ಲಿ ಚಿಕ್ಕ ಮಕ್ಕಳು ಹಿಡಿಸೂಡಿಯಿಂದ ತೆಂಗಿನ ಕಡ್ಡಿ ಕದ್ದು ಇಂಥ ಪುಟ್ಟ ಗೂಡು ಕಟ್ಟಿ ತಮ್ಮದೆಂದು ತುಳಸಿಕಟ್ಟೆಯ ಬಳಿ ತೂಗಿಸುತ್ತಿದ್ದರು. ಕಡ್ಡಿಯೂ ಇಲ್ಲದಿದ್ದರೆ ಹಳೆಯ ಪತ್ರಿಕೆಯ ಹಾಳೆಯನ್ನು ಒಂದು ಮೂಲೆಯಿಂದ ಬಿಗಿಯಾಗಿ ಸುರುಳಿ ಸುತ್ತಿ ಅಂಟಿಸಿದರೆ ಒಳ್ಳೆಯ ಕೋಲು ಸಿಗುತ್ತದೆ. ಇಡೀ ಗೂಡನ್ನು ಇಂಥ ಕಾಗದದ ಕೋಲಿನಿಂದಲೇ ಕಟ್ಟಬಹುದು.

ಅಂಟಿಗೆ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಕಾಯಿಸಿ, ಬಿಳಿ ಹಿಟ್ಟು ಸ್ವಲ್ಪ ಪಾರದರ್ಶಕವಾಗುವಾಗ ಇಳಿಸಬೇಕು. ಹುಳ ತಿನ್ನದಿರಲಿ ಎಂದು ಊರಿನಲ್ಲಿ ಚಿಟಿಕೆ ಮೈಲುತುತ್ತ ಹಾಕುವವರಿದ್ದಾರೆ. ಅದು ವಿಷ, ಮಕ್ಕಳು ಕೂತು ಮಾಡುವ ಕೆಲಸದಲ್ಲಿ ಅದು ಬೇಡವೇ ಬೇಡ. ಬೇಕಾದಷ್ಟೇ ಮಾಡಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ತುರ್ತಿಗೆ ನಾಲ್ಕು ಅಗುಳು ಬಿಸಿ ಅನ್ನ ತಿಕ್ಕಿದರೂ ಕಾಗದ ಹಿಡಿಯುತ್ತದೆ, ಗಾಳಿಪಟ ಅಂಟಿಸಿದವರಿಗೆ ಇದು ಗೊತ್ತು.

ಕಾಗದದ ವಿಚಾರದಲ್ಲಂತೂ ಈ ದೇಶದಲ್ಲಿ ನಾವು ಶ್ರೀಮಂತರು. ಹುಟ್ಟುಹಬ್ಬದ ಉಡುಗೊರೆ ಚೀಲಗಳಿಂದ ಇಣುಕುವ ತೆಳುವಾದ ಬಣ್ಣದ ಟಿಶ್ಯೂ ಕಾಗದ ಗೂಡುದೀಪಕ್ಕೆಂದೇ ಮಾಡಿದಂತಿದೆ. ಅದನ್ನು ಇಸ್ತ್ರಿಪೆಟ್ಟಿಗೆಯ ಸಣ್ಣ ಬಿಸಿಯಲ್ಲಿ ಒಮ್ಮೆ ಎಳೆದರೆ ಸುಕ್ಕು ಹೋಗುತ್ತದೆ. ಚೌಕಕ್ಕೆ ಕೆಂಪು, ತ್ರಿಕೋನಕ್ಕೆ ಬಿಳಿ ಅಥವಾ ಹಳದಿ ಹಾಕಿದರೆ ಕತ್ತಲಲ್ಲಿ ಮೂಲೆಗಳು ಎದ್ದು ಕಾಣುತ್ತವೆ. ಇನ್ನೊಂದು ದಾರಿ ನನಗೆ ಇನ್ನೂ ಇಷ್ಟ. ದಿನಸಿ ಅಂಗಡಿಯ ಕಂದು ಚೀಲ, ಮನೆಗೆ ಬರುವ ರಟ್ಟಿನ ಪೆಟ್ಟಿಗೆಗಳಲ್ಲಿ ಸಾಮಾನಿನ ಸುತ್ತ ತುರುಕಿದ ಕಂದು ಕಾಗದ, ಎರಡೂ ದಪ್ಪ. ಬೆಳಕು ಸುಲಭವಾಗಿ ದಾಟದು. ಅಂಟಿಸಿ ಚೆನ್ನಾಗಿ ಒಣಗಿದ ಮೇಲೆ ಅವುಗಳ ಮೇಲೆ ತೆಂಗಿನೆಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಸವರಬೇಕು. ಕಾಗದದ ನಾರುಗಳ ನಡುವಿನ ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿಕೊಂಡು ಬೆಳಕಿಗೆ ದಾರಿಯಾಗುತ್ತದೆ, ಕಂದು ಕಾಗದ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಎಣ್ಣೆ ಸವರುವುದು ಕೊನೆಯಲ್ಲಿಯೇ, ಮೊದಲೇ ಸವರಿದರೆ ಅಂಟು ಹಿಡಿಯುವುದಿಲ್ಲ. ಶರತ್ಕಾಲದಲ್ಲಿ ಮಕ್ಕಳು ಆರಿಸಿ ಪುಸ್ತಕದ ನಡುವೆ ಒತ್ತಿಟ್ಟ ಮೇಪಲ್ ಎಲೆಯನ್ನು ಎರಡು ಪದರ ಟಿಶ್ಯೂವಿನ ನಡುವೆ ಇಟ್ಟು ಅಂಟಿಸಿದರೆ ಗೂಡಿನ ಮೈಮೇಲೆ ಇಲ್ಲಿಯ ಮರದ ನೆರಳೂ ಬೀಳುತ್ತದೆ. ಕಲೆ ಊರಿನದು, ಎಲೆ ಈ ಮಣ್ಣಿನದು. ಇದರಲ್ಲಿ ಸಂಪ್ರದಾಯ ಕೆಟ್ಟಿತೆಂದು ನನಗೆ ಅನ್ನಿಸುವುದಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಕಟ್ಟುವುದೇ ಇದರ ಸಂಪ್ರದಾಯ.

ಮೇಲಿನ ಚೌಕವನ್ನು ಮುಚ್ಚಬಾರದು, ದೀಪ ಇಳಿಸುವುದು ಅಲ್ಲಿಂದಲೇ. ಕೆಳಗಿನ ಚೌಕದ ಮೂಲೆಗಳಿಂದ ಕಾಗದದ ಬಾಲಗಳು ಇಳಿಯಬೇಕು. ಉದ್ದನೆಯ ಪಟ್ಟಿಯನ್ನು ಮಡಿಚಿ, ಒಮ್ಮೆ ಈ ಬದಿಯಿಂದ ಒಮ್ಮೆ ಆ ಬದಿಯಿಂದ ಕತ್ತರಿ ಆಡಿಸಿ ಬಿಡಿಸಿದರೆ ಅದು ಜಾಲರಿಯಾಗಿ ಉದ್ದವಾಗುತ್ತದೆ. ಹಿಂದೆ ಒಳಗೆ ಎಣ್ಣೆಯ ಹಣತೆ ಇರುತ್ತಿತ್ತು, ನಮ್ಮ ಕಾಲಕ್ಕೆ ಝೀರೋ ಬಲ್ಬು ಬಂತು. ಇಲ್ಲಿ ಬ್ಯಾಟರಿಯ ಎಲ್‌ಇಡಿ ಬಿಟ್ಟು ಬೇರೆ ಯಾವುದನ್ನೂ ಇಡಬೇಡಿ. ಕಾಗದ, ಎಣ್ಣೆ ಸವರಿದ ಮೈ, ಮರದ ಮನೆ ಇಷ್ಟೂ ಇರುವಲ್ಲಿ ನಿಜವಾದ ಉರಿ ಸಲ್ಲದು.

ಗೂಡುದೀಪ ನಮ್ಮ ಮನೆಗಳ ಒಂದು ದೊಡ್ಡ ಅಭ್ಯಾಸದ ಒಂದು ತುಣುಕು ಮಾತ್ರ. ಕಾಗದವೆಂದರೆ ಸರಸ್ವತಿ; ತುಳಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮಲ್ಲಿ ಅದನ್ನು ಎಸೆಯುವ ರೂಢಿಯೇ ಇರಲಿಲ್ಲ. ಹಳೆಯ ಕ್ಯಾಲೆಂಡರ್ ಹಾಳೆ ಪಠ್ಯಪುಸ್ತಕಕ್ಕೆ ಬೈಂಡ್ ಆಗುತ್ತಿತ್ತು. ಇನ್ನೂ ಹಳೆಯದಾದ ಕಾಗದವನ್ನು ನೀರಿನಲ್ಲಿ ನೆನೆಸಿ, ಮೆಂತ್ಯ ಸೇರಿಸಿ ಒರಳಿನಲ್ಲಿ ರುಬ್ಬಿ, ಸವೆದ ಮೊರಕ್ಕೂ ಬುಟ್ಟಿಗೂ ಮೆತ್ತುತ್ತಿದ್ದರು. ಮೆಂತ್ಯದ ಲೋಳೆ ನಾರನ್ನು ಹಿಡಿಯುತ್ತದೆ, ಅದರ ಕಹಿಗೆ ಹುಳ ಹತ್ತಿರ ಬರುವುದಿಲ್ಲ ಎಂಬ ಲೆಕ್ಕ. ಬೋರಲು ಹಾಕಿದ ಪಾತ್ರೆಯ ಮೇಲೆ ಇದೇ ಮುದ್ದೆಯನ್ನು ತಟ್ಟಿ ಒಣಗಿಸಿದರೆ ಹಗುರವಾದ ಕಾಗದದ ಬುಟ್ಟಿ ಸಿಗುತ್ತದೆ. ಮಿಕ್ಸಿಯಲ್ಲಿ ಇದು ಕೆಲವೇ ನಿಮಿಷಗಳ ಕೆಲಸ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಇದೇ ತತ್ವವನ್ನು ದೊಡ್ಡ ಕಲೆಯ ಮಟ್ಟಕ್ಕೆ ಒಯ್ದರು. ಅವರ ಮರದ ಗೊಂಬೆಗಳ ಕೀಲುಗಳನ್ನು ಕೂಡಿಸುವ ಮತ್ತು ಮೈ ತುಂಬಿಸುವ ಕಿಟ್ಟ ತಯಾರಾಗುವುದು ಹಳೆಯ ಗೋಣಿಚೀಲದ ಚಿಂದಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನಿಂದ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ, ಅರಮನೆಯ ಗೊಂಬೆಗಳಷ್ಟು ಬೆರಗಿನ ಅವರ ಗರುಡನ ಗೊಂಬೆಯ ಒಳಗೆ ಹರಿದ ಚೀಲವಿದೆ. ಹಳೆಯ ಬಟ್ಟೆಯ ತುಂಡುಗಳನ್ನು ಹೊಲಿದ ಉತ್ತರ ಕರ್ನಾಟಕದ ಕೌದಿಯನ್ನು ಈ ಕೂಟದಲ್ಲಿ ವಿವರಿಸಬೇಕಾಗಿಲ್ಲ, ಅದನ್ನು ಹೊದ್ದು ಬೆಳೆದವರೇ ಇಲ್ಲಿ ಅರ್ಧ ಜನ.

ಇಂದಿನ ಮಂಗಳೂರಿನಲ್ಲಿ ಗೂಡುದೀಪದ ಕಲೆ ಹೇಗಿದೆ ಎಂದು ನೋಡಬೇಕಾದರೆ ಕುದ್ರೋಳಿಗೆ ಹೋಗಬೇಕು. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗೋಕರ್ಣನಾಥೇಶ್ವರ ಕ್ಷೇತ್ರದ ಅಂಗಣದಲ್ಲಿ ದೀಪಾವಳಿಯ ಹೊತ್ತಿಗೆ ಗೂಡುದೀಪಗಳ ಸ್ಪರ್ಧೆ ನಡೆಯುತ್ತದೆ. ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂದು ವಿಭಾಗಗಳಿವೆ. ಅಲ್ಲಿ ಭತ್ತದ ಕಾಳು, ಬೇಳೆ, ಅಡಿಕೆ, ಐಸ್‌ಕ್ರೀಮ್ ಕಡ್ಡಿ, ಬೆಂಕಿಕಡ್ಡಿಗಳನ್ನೆಲ್ಲ ಜೋಡಿಸಿದ ಗೂಡುಗಳು ಸಾಲುಸಾಲಾಗಿ ತೂಗುತ್ತವೆ. ಒಂದೊಂದು ಕಾಳನ್ನೂ ಕೈಯಿಂದ ಅಂಟಿಸಿದ ತಾಳ್ಮೆ ನೋಡಿದರೆ ಮಾತು ಬರುವುದಿಲ್ಲ. ಆದರೂ ನನ್ನ ಮನಸ್ಸು ನಿಲ್ಲುವುದು ಬಿದಿರು ಮತ್ತು ಕಾಗದದ ಹಳೆಯ ವಿಭಾಗದ ಮುಂದೆಯೇ. ಒಳಗಿನ ಬೆಳಕನ್ನು ಹೊರಗೆ ಬಿಡುವುದು ಗೂಡುದೀಪದ ಮೊದಲ ಕೆಲಸ. ಅದನ್ನು ಕಾಗದದಷ್ಟು ಚೆನ್ನಾಗಿ ಬೇರೆ ಯಾವುದೂ ಮಾಡದು.

ಊರಿನ ಪೇಟೆಯಲ್ಲಿ ಈಗ ಮಡಿಚಿ ಇಡುವ ಪ್ಲಾಸ್ಟಿಕ್ ಗೂಡುದೀಪಗಳು ಅಗ್ಗಕ್ಕೆ ಸಿಗುತ್ತವೆ, ಇಲ್ಲಿಯ ಭಾರತೀಯ ಅಂಗಡಿಗಳಿಗೂ ಅವು ಬಂದಿವೆ. ಅವುಗಳನ್ನು ತೂಗಿಸುವವರನ್ನು ನಾನು ದೂರುವುದಿಲ್ಲ. ಕೆಲಸ, ಮಕ್ಕಳು, ಓಡಾಟದ ನಡುವೆ ಬಾಗಿಲಿಗೊಂದು ದೀಪ ಬಂತಲ್ಲ ಎಂಬುದೇ ಸಮಾಧಾನ. ಆದರೆ ಕೊಂಡ ದೀಪದಲ್ಲಿ ಅಪ್ಪ ಸೀಳುವುದು, ಅಮ್ಮ ಕಾಯಿಸುವುದು, ಮಗು ಅಂಟಿಸುವುದು ಯಾವುದೂ ಇಲ್ಲ. ಒಂದು ಸಂಜೆ ಇಡೀ ಮನೆ ಒಂದು ಮೇಜಿನ ಸುತ್ತ ಕೂರುವ ಕಾರಣವೇ ತಪ್ಪಿಹೋಗುತ್ತದೆ. ಕನ್ನಡ ಸರಿಯಾಗಿ ಬರದ ಮಗುವೂ ಆ ಮೇಜಿನಲ್ಲಿ ಕಡ್ಡಿ, ದಾರ, ಅಂಟು, ಜಾಲರಿ, ಚೌಕ, ಬಾಲ ಎಂಬ ಪದಗಳನ್ನು ಕೇಳಿ, ಹೇಳಿ, ಬಳಸಿಯೇ ಏಳುತ್ತದೆ. ಕನ್ನಡ ಕಲಿ ತರಗತಿಯ ಶಿಕ್ಷಕರು ಇದನ್ನು ಒಂದು ಪಾಠವಾಗಿಯೇ ತೆಗೆದುಕೊಳ್ಳಬೇಕೆಂಬುದು ನನ್ನ ಆಸೆ.

ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಸಂಜೆ ಐದಕ್ಕೆಲ್ಲ ಕತ್ತಲು ಕವಿಯುತ್ತದೆ. ನಮ್ಮ ದೀಪಾವಳಿ ಮತ್ತು ರಾಜ್ಯೋತ್ಸವ ಬರುವುದು ಆ ದಿನಗಳ ಆಸುಪಾಸಿನಲ್ಲೇ. ಬೀದಿಗೆ ಬೀದಿಯೇ ಕತ್ತಲಾಗಿರುವಾಗ ಕನ್ನಡದವರ ಬಾಗಿಲಲ್ಲಿ ಕಾಗದದ ದೀಪ ತೂಗುತ್ತಿದ್ದರೆ ನೆರೆಯವರು ನಿಂತು ಕೇಳುತ್ತಾರೆ, ಮಕ್ಕಳು ಅದನ್ನು ತಾವೇ ಕಟ್ಟಿದ್ದೆಂದು ಹೇಳುತ್ತಾರೆ.

ಯುಗಾದಿಯ ಈ ಸಂಚಿಕೆ ನಿಮ್ಮ ಕೈ ಸೇರುವಾಗ ದೀಪಾವಳಿಗೆ ಇನ್ನೂ ಏಳೆಂಟು ತಿಂಗಳಿದೆ, ಸಾಮಾನು ಕೂಡಿಸಲು ಅದು ಧಾರಾಳವಾದ ಸಮಯ. ಇಂದಿನಿಂದಲೇ ಮನೆಯ ಒಂದು ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯೊಂದನ್ನು ಇಡಿ. ಉಡುಗೊರೆಯ ಟಿಶ್ಯೂ, ಕಂದು ಚೀಲ, ಗ್ರಿಲ್ಲಿನ ಉಳಿದ ಕಡ್ಡಿ, ಸ್ವೆಟರಿನಿಂದ ಬಿಚ್ಚಿದ ನೂಲು ಎಲ್ಲವೂ ಅದಕ್ಕೆ ಬೀಳಲಿ. ಅಕ್ಟೋಬರಿನ ಒಂದು ಶನಿವಾರ ಎರಡು ಮೂರು ಮನೆಯವರು ಕೂಡಿ ಕುಳಿತುಕೊಳ್ಳಿ, ಊರಿನಿಂದ ಬಂದ ಅಜ್ಜ ಅಜ್ಜಿಯರಿದ್ದರೆ ಮೊದಲ ಗಂಟನ್ನು ಅವರ ಕೈಯಿಂದ ಹಾಕಿಸಿ. ಈ ಸಲದ ದೀಪಾವಳಿ ಕಾರ್ಯಕ್ರಮಕ್ಕೆ ಬರುವಾಗ ಪ್ರತಿ ಮನೆಯಿಂದ ಕೈಯಾರೆ ಕಟ್ಟಿದ ಒಂದು ಗೂಡುದೀಪ ತನ್ನಿ.