ಸಿಡಿಲು ಮಲ್ಲಿಕಾರ್ಜುನನ ಬೆಟ್ಟದಪುರ

ಪಿರಿಯಾಪಟ್ಟಣ ತಾಲ್ಲೂಕಲ್ಲಿ ಒಂಟಿಯಾಗಿ ನಿಂತಿರೋ ಈ ಬೆಟ್ಟ ನೋಡಿ. ಸಮುದ್ರಮಟ್ಟದಿಂದ ಸುಮಾರು 4,300 ಅಡಿ. ಬುಡದಲ್ಲಿರೋದೇ ಬೆಟ್ಟದಪುರ.

ತುದೀಲಿ ನೆಲೆಸಿರೋ ದೇವರು ಸಿಡಿಲು ಮಲ್ಲಿಕಾರ್ಜುನ. ಸಿಡಿಲೇ ಬಂದು ಸ್ವಾಮಿಗೆ ಪೂಜೆ ಸಲ್ಲಿಸಿ ಹೋಗುತ್ತೆ ಅನ್ನೋದು ಊರವರ ನಂಬಿಕೆ. ಆಕಾಶದಿಂದ ಇಳಿಯೋ ಮಿಂಚು ಹೆಚ್ಚಾಗಿ ಮುಟ್ಟೋದೂ ಇಂಥ ಒಂಟಿ ಶಿಖರವನ್ನೇ.

ಈ ಸೀಮೆ ಹಿಂದೆ ಚೆಂಗಾಳ್ವ ಅರಸರದ್ದು. 17ನೇ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಪಿರಿಯಾಪಟ್ಟಣ ಗೆದ್ದರು, ಸೀಮೆ ಮೈಸೂರಿಗೆ ಸೇರಿತು.

ಇಲ್ಲಿನ ಸಂಕೇತಿ ಬ್ರಾಹ್ಮಣರ ಮನೆಮಾತು ಕೇಳಿದ್ದೀರಾ? ತಮಿಳು, ಮಲಯಾಳ, ಕನ್ನಡ ಮೂರೂ ಬೆರೆತಿದೆ. ಕೌಶಿಕ ಊರಿನ ಸಂಕೇತಿಗಿಂತ ಇದರ ಧಾಟಿಯೇ ಬೇರೆ. ನೀವೂ ಸಂಕೇತಿಗಳಾದ್ರೆ, ಮನೆಯ ಹಿರಿಯರ ಬಾಯಲ್ಲಿ ಅದನ್ನ ಈಗಲೇ ರೆಕಾರ್ಡ್ ಮಾಡಿಡಿ, ದಯವಿಟ್ಟು.

ಸುತ್ತಲಿನ ಹೊಲಗಳಲ್ಲಿ ಹೊಗೆಸೊಪ್ಪು, ನಡುವೆ ಅದನ್ನ ಹದ ಮಾಡೋ ಬ್ಯಾರನ್‌ಗಳು. ಬೆಟ್ಟ ಹತ್ತೋದಾದ್ರೆ ಬೆಳಿಗ್ಗೆಯೇ ಹತ್ತಿ. ಮೋಡ ಕಟ್ಟಿದ್ರೆ ಬೇಡ.